ಆಂಜನಮ್ಮನ ಕೊಸರು

ಕಗ್ಗದಾಸಪುರದ ಆಂಜನಮ್ಮನಿಗೆ ನಾಲ್ಕು ಬಾಡಿಗೆ ಮನೆಗಳಿದ್ದವು, ಬಾಗಿಲಲ್ಲಿ ಕಾರಿತ್ತು, ಬಾಯಿಗೆ ಬೀಗ ಮಾತ್ರ ಇರಲಿಲ್ಲ. ಆದರೂ ಒಂದು ಮಾತನ್ನು ಆಕೆ ಹೊರಗೆ ಆಡುವಂತಿರಲಿಲ್ಲ. ಮೂವತ್ತು ವರ್ಷ ಕುಕ್ಕೆ ಹೊತ್ತು ರಸೆಲ್ ಮಾರುಕಟ್ಟೆಯಲ್ಲಿ ಸೊಪ್ಪು ಮಾರಿದವಳು ತಾನು ಎಂಬ ಮಾತು. ಹೊಲವೆಲ್ಲ ಸೈಟುಗಳಾದ ಮೇಲೆ ಮಗ ಕೆಂಪರಾಜ್ ಹಾಕಿದ ಕಟ್ಟಳೆ ಅದು.

"ನಾಲ್ಕು ಜನರ ಮುಂದೆ ಸೊಪ್ಪು ಗಿಪ್ಪು ಅನ್ಬೇಡಮ್ಮ, ಮಾನ ಹೋಗುತ್ತೆ" ಅಂದಿದ್ದ. ಅವನನ್ನು ಸಾಕಿ ಓದಿಸಿದ್ದೇ ಆ ಸೊಪ್ಪು.

೨೦೦೫ರ ಬೇಸಿಗೆ. ಮಹಡಿ ಮೇಲೆ ಬಾಡಿಗೆಗಿದ್ದ ಬೀದರಿನ ಹುಡುಗಿ ಶ್ರೇಯಾ ಕಾಲೇಜಿನ ಕೊನೆಯ ಪ್ರಾಜೆಕ್ಟಿಗೆಂದು ಕಂಪ್ಯೂಟರ್ ಆಟವೊಂದನ್ನು ಮಾಡುತ್ತಿದ್ದಳು. ಬುಟ್ಟಿಯ ಸೊಪ್ಪನ್ನೆಲ್ಲ ಬಾಡುವ ಮೊದಲೇ ಮಾರಬೇಕು, ಅಷ್ಟೇ ಆಟ. ಒಪ್ಪಿಸಲು ಉಳಿದದ್ದು ಆರೇ ದಿನ. ಕೈಲಿದ್ದ ದುಡ್ಡು ಹಳೇ ಕಂಪ್ಯೂಟರ್ ಕೊಳ್ಳುವಷ್ಟರಲ್ಲೇ ಮುಗಿದಿತ್ತು. ಚಿತ್ರ ಬರೆಸಲು ಗತಿಯಿಲ್ಲದೆ ಎಲ್ಲ ಸೊಪ್ಪಿಗೂ ಒಂದೇ ಚಿತ್ರ ಹಾಕಿ ಬಣ್ಣ ಮಾತ್ರ ಬದಲಿಸಿದ್ದಳು.

ನೀರಿನ ಟ್ಯಾಂಕು ನೋಡಲು ಮೇಲೆ ಬಂದ ಆಂಜನಮ್ಮ ಪರದೆಗೆ ಮೂಗು ತಾಗಿಸಿ ನೋಡಿದಳು.

"ಇದೇನಮ್ಮಿ, ದಂಟೋ ಪಾಲಕ್ಕೋ? ಎಲ್ಲಾ ಒಂದೇ ತಾಯಿ ಹೊಟ್ಟೇಲಿ ಹುಟ್ದಂಗವೆ."

"ಬ್ಯಾರೆ ಬ್ಯಾರೆ ಬಿಡಿಸ್ಲಿಕ್ಕಿ ಟೈಮಿಲ್ರಿ ಅಜ್ಜಿ. ಒಂದ್ಸಲ ಆಡಿ ನೋಡ್ರಿ."

ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ. ಆಂಜನಮ್ಮ ಕೂತು ಆಡಿದಳು. ಗಿರಾಕಿಗಳು ಚೌಕಾಸಿ ಮಾಡಿ ಒಂದು ಕಟ್ಟು ಕೊಂಡು ಹೋದವರು ತಿರುಗಿ ಬರಲೇ ಇಲ್ಲ. ಐದು ನಿಮಿಷಕ್ಕೆ ಸೊಪ್ಪು ಬಾಡಿತು, ಆಟ ಮುಗಿಯಿತು.

"ಕೊಸರು ಎಲ್ಲಮ್ಮಿ? ಕೊಟ್ಟ ಮೇಲೆ ಒಂದಿಷ್ಟು ಬಿಟ್ಟಿ ಹಾಕ್ದಿದ್ರೆ ನಾಳೆ ಯಾವಳು ಬತ್ತಾಳೆ?"

ಶ್ರೇಯಾ ಆಟಕ್ಕೆ ಕೊಸರು ಸೇರಿಸಿದಳು. ಆಂಜನಮ್ಮ ಕಂಡಕಂಡವರಿಗೆಲ್ಲ ಹಿಡಿ ಹಿಡಿ ಹಾಕಿದಳು. ಗಿರಾಕಿಗಳು ಮುಗಿಬಿದ್ದು ಕಂಪ್ಯೂಟರೇ ನಿಂತುಹೋಯಿತು. ಆಮೇಲೆ ಆಂಜನಮ್ಮ ಗುಟ್ಟು ಬಿಚ್ಚಿದಳು. ಕೊಸರು ಕಣ್ಣಿಗೆ ದೊಡ್ಡದಾಗಿ ಕಾಣಬೇಕು, ಕುಕ್ಕೆಗೆ ಸಣ್ಣದಾಗಿರಬೇಕು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಹಿಡಿ ತುಂಬಬೇಕು. ಜಿಪುಣಿಗೆ ಮೊದಲು ಮುಖ ಗಂಟಿಕ್ಕಿ ಆಮೇಲೆ ಹಾಕಬೇಕು. ಶ್ರೇಯಾ ಅದಷ್ಟನ್ನೂ ಆಟಕ್ಕಿಳಿಸಿದಳು.

"ನಾನು ಹೇಳಿಕೊಟ್ಟೆ ಅಂತ ಯಾರ್ಗೂ ಹೇಳ್ಬೇಡ. ನನ್ನ ಮೇಲಾಣೆ" ಅಂದಳು ಆಂಜನಮ್ಮ. ಹುಡುಗಿ ಆಣೆ ಮಾಡಿದಳು.

ಪರೀಕ್ಷೆಯ ದಿನ ಹೊರಗಿನವರೊಬ್ಬರು ಆಡಿ ತೋರಿಸಬೇಕೆಂಬ ನಿಯಮವಿತ್ತು. ಆಂಜನಮ್ಮನೇ ಹೊರಟಳು. ಕಾರಲ್ಲಿ ಕರೆತಂದ ಕೆಂಪರಾಜ್, "ಸುಮ್ನೆ ಆಡ್ಬಿಟ್ಟು ಎದ್ದು ಬಾ" ಎಂದು ಎಚ್ಚರಿಸಿ ಹಿಂದುಗಡೆ ನಿಂತ. ಆಕೆ ಬುಟ್ಟಿ ಪೂರಾ ಖಾಲಿ ಮಾಡಿದಳು. ಆದರೆ ಪರೀಕ್ಷಕ ಅಮೃತಪ್ಪನವರು ಹುಬ್ಬು ಗಂಟಿಕ್ಕಿದರು.

"ಬಿಟ್ಟಿ ಕೊಟ್ರೆ ವ್ಯಾಪಾರ ಬೆಳೆಯುತ್ತೆ ಅಂತ ಯಾವ ಪುಸ್ತಕದಲ್ಲಿದೆಯಮ್ಮ? ಆಧಾರ ತೋರಿಸು. ಇಲ್ಲದಿದ್ರೆ ಪಾಸ್ ಮಾಡೋಕಾಗಲ್ಲ."

ಶ್ರೇಯಾ ತಲೆ ತಗ್ಗಿಸಿದಳು, ಬಾಯಿ ಬಿಡಲಿಲ್ಲ. ಒಂದು ವರ್ಷ ಹಾಳಾಗುವುದಿತ್ತು, ಆದರೂ ಆಣೆ ಮುರಿಯಲಿಲ್ಲ. ಆಂಜನಮ್ಮ ಕೂತಲ್ಲೇ ಪರೀಕ್ಷಕರ ಕಡೆ ತಿರುಗಿದಳು.

"ಪುಸ್ತಕದಾಗಿಲ್ಲ ಸ್ವಾಮಿ. ನಾನೇ ಹೇಳ್ಕೊಟ್ಟಿದ್ದು. ರಸೆಲ್ ಮಾರ್ಕೆಟ್ನಾಗೆ ಮೂವತ್ತು ವರ್ಷ ಸೊಪ್ಪು ಮಾರಿವ್ನಿ. ನಂಬಿಕೆ ಇಲ್ದಿದ್ರೆ ಅಗೋ, ಅಲ್ಲವ್ನಲ್ಲ, ನನ್ನ ಮಗ, ಅವನ್ನ ಕೇಳಿ."

ಇಡೀ ಕೋಣೆ ತಿರುಗಿ ನೋಡಿತು. ಕೆಂಪರಾಜನ ಕೈಲಿದ್ದ ಕಾರಿನ ಕೀಲಿ ಎರಡು ಸಲ ಜೇಬಿಗೆ ಹೋಗಿ ಹೊರಗೆ ಬಂತು.

"ನಿಜ ಸರ್" ಅಂದ, ಕಡೆಗೆ. "ಕುಕ್ಕೆ ಎತ್ತಿ ನಮ್ಮಮ್ಮನ ತಲೆ ಮೇಲೆ ಇಡ್ತಿದ್ದೋನು ನಾನೇ."

ಆಧಾರ ಸಿಕ್ಕಿತೆಂದು ಅಮೃತಪ್ಪನವರು ಪಾಸು ಎಂದು ಬರೆದರು. ಶ್ರೇಯಾ ಕುಣಿದಾಡಿದಳು. ಆಂಜನಮ್ಮ ಇದಾವುದನ್ನೂ ನೋಡಲಿಲ್ಲ. ಮಗನನ್ನೇ ನೋಡುತ್ತ ಕೂತಿದ್ದಳು.