ಕತ್ತಲು ಕಾಯುವ ದುರ್ಗವ್ವ

ಬೆಳಗಿನ ಐದೂವರೆ. ಜಿಗಣಿಯಾಚೆಯ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ ದುರ್ಗವ್ವ ಕಾಲುವೆಯ ಮುಚ್ಚಳದ ಮೇಲೆ ಬಗ್ಗಿದ್ದಾರೆ. ಸಂದಿಯೊಳಗೆ ನೀರು ಹಸಿರು ಬೆರೆತ ನೀಲಿಯಾಗಿ ಹೊಳೆಯುತ್ತಿದೆ. ಸದ್ದಿಲ್ಲ, ಶಾಖವಿಲ್ಲ. ನಲವತ್ತೆಂಟು ನೇರಳಾತೀತ ದೀಪಗಳ ನಡುವೆ ನೀರು ಹಾಯಲು ಎಂಟೇ ಸೆಕೆಂಡು. ಅಷ್ಟರಲ್ಲಿ ಕೋಟಿಗಟ್ಟಲೆ ರೋಗಾಣುಗಳ ಕಥೆ ಮುಗಿಯಬೇಕು.

"ಒಳಗ ಹೋಗೋ ನೀರೂ ತಿಳಿ, ಹೊರಗ ಬರೋ ನೀರೂ ತಿಳಿ. ನಡುವ ಏನಾತು ಅಂತ ಕಣ್ಣಿಗೆ ಕಾಣಂಗಿಲ್ರಿ" ಅನ್ನುತ್ತಾರೆ.

ಕೊಪ್ಪಳ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಇದೇ ಘಟಕದ ಗೋಡೆ ಕಟ್ಟಿ, ಇಲ್ಲೇ ಉಳಿದರು. ಹೆಬ್ಬಗೋಡಿಯಲ್ಲಿ ಒಂಟಿ ಕೋಣೆ. ದಿನಕ್ಕೆ ಹನ್ನೆರಡು ದೀಪ ಆರಿಸಿ, ಮೇಲೆತ್ತಿ, ಗಾಜಿನ ಕವಚಕ್ಕೆ ಕಟ್ಟಿದ ಪಾಚಿ ಒರೆಸಬೇಕು. ಮೊದಲ ತಿಂಗಳು ಉರಿಯುವ ದೀಪವನ್ನು ಬರಿಗಣ್ಣಲ್ಲಿ ನೋಡಿಬಿಟ್ಟಿದ್ದರು. "ಎರಡು ದಿನ ಕಣ್ಣಾಗ ಮರಳು ತುಂಬಿದಂಗಿತ್ತು."

ಕಳೆದ ವರ್ಷ ವಿಚಿತ್ರವೊಂದು ಶುರುವಾಯಿತು. ದೀಪ ದಾಟಿದ ನೀರನ್ನು ಪರೀಕ್ಷಿಸಿದರೆ ರೋಗಾಣು ಇಲ್ಲ. ಅದೇ ನೀರು ಮುಂದಿನ ತೊಟ್ಟಿಯಲ್ಲಿ ಅರ್ಧ ದಿನ ನಿಂತರೆ ಇವೆ. ಅಲ್ಲಿಂದ ಅದು ಹೋಗುವುದು ಶಾಲೆಯೊಂದರ ಆಟದ ಬಯಲಿಗೆ. "ಗಾಜು ಸರಿಯಾಗಿ ಒರೆಸ್ತಿಲ್ಲ ಕಣಮ್ಮ. ಹಿಂಗೇ ಆದ್ರೆ ಬೇರೆಯವ್ರನ್ನ ಹಾಕ್ಕೋತೀನಿ" ಎಂದರು ಮೇಲ್ವಿಚಾರಕ ಮುನಿಕೃಷ್ಣ.

ದುರ್ಗವ್ವ ಪ್ರಯೋಗಾಲಯದ ಲಾವಣ್ಯ ಅವರ ಬಳಿ ಹೋಗಿ, "ತೊಟ್ಟಿ ಮ್ಯಾಲಿನ ಟಾರ್ಪಾಲು ಗಾಳಿಗೆ ಹರಿದ ಮ್ಯಾಲೇನ ಹಿಂಗಾಗಾಕತ್ತೈತ್ರಿ. ಬೆಳಕು ಬೀಳಾಕತ್ತೈತಿ" ಎಂದರು.

ಲಾವಣ್ಯ ದೀಪ ದಾಟಿದ ನೀರನ್ನು ಎರಡು ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟರು. ಒಂದಕ್ಕೆ ಕಪ್ಪು ಬಟ್ಟೆ ಸುತ್ತಿದರು. ಕತ್ತಲ ಬಾಟಲಿಯ ನೀರು ಇದ್ದಂತೆಯೇ ಇತ್ತು. ಬೆಳಕು ಕಂಡದ್ದರಲ್ಲಿ ರೋಗಾಣುಗಳು ಮತ್ತೆ ಬೆಳೆದಿದ್ದವು.

"ದೀಪ ಎಲ್ಲವನ್ನೂ ಕೊಲ್ಲಲ್ಲ ದುರ್ಗವ್ವ, ಸಂತಾನ ಬೆಳೀದಂಗೆ ಮಾಡುತ್ತೆ. ಬೆಳೀದಿದ್ರೆ ಪರೀಕ್ಷೇಲಿ ಕಾಣಲ್ಲ. ಬೆಳಕು ಸಿಕ್ರೆ ಕೆಲವು ತಮ್ಮ ಗಾಯ ತಾವೇ ವಾಸಿ ಮಾಡ್ಕೊಂಡು ಏಳ್ತವೆ" ಎಂದರು ಲಾವಣ್ಯ.

ದುರ್ಗವ್ವ ಇಷ್ಟು ವರ್ಷ ರೋಗಾಣು ಸತ್ತವೆಂದು ನಂಬಿ ಆ ನೀರಿನ ಪಕ್ಕದಲ್ಲೇ ಕೂತು ಬುತ್ತಿ ಉಂಡಿದ್ದರು.

ಅಂದೇ ಇಬ್ಬರೂ ಸೇರಿ ತೊಟ್ಟಿಗೆ ಕರಿ ಹಾಳೆ ಎಳೆದರು. ಮುಂದಿನ ವರದಿ ಶುಭ್ರ. ಮುನಿಕೃಷ್ಣ ತಾವೇ ಬಂದು ತಪ್ಪಾಯ್ತೆಂದರು, ತಗಡಿನ ಮಾಡು ಹಾಕಿಸಿದರು. ಈಗ ದುರ್ಗವ್ವ ಬೆಳಕಾಗುತ್ತಲೇ ಮಾಡಿನಡಿ ತಲೆಯಿಟ್ಟು ತೂತು ಹುಡುಕುತ್ತಾರೆ. ಕತ್ತಲ ನೀರಿಗೆ ಎಲ್ಲಾದರೂ ಬಿಸಿಲಿನ ಒಂದು ಕಡ್ಡಿ ಇಳಿದಿದ್ದರೆ, ಅಲ್ಲಿಗೆ ಡಾಂಬರು ಮೆತ್ತುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ನಾಚುತ್ತಾರೆ. "ಹನ್ನೊಂದು ವರ್ಷಾತು, ಒಂದು ರೋಗಾಣುವಿನ ಮಾರಿನೂ ನೋಡಿಲ್ರಿ. ಲಾವಣ್ಯ ಮೇಡಂ ಸೂಕ್ಷ್ಮದರ್ಶಕದಾಗ ತೋರಿಸ್ತೀನಿ ಅಂದಾರ." ಆಮೇಲೆ ಸೇರಿಸುತ್ತಾರೆ: "ಮಲಗಿದ್ದು ತೋರಿಸ್ರಿ, ಎದ್ದದ್ದು ಬ್ಯಾಡ ಅಂದೇನಿ."