ಕಡಲೆ ಕುಡಿ ಚಿವುಟುವ ಯಂತ್ರ ಮತ್ತು ತೆರಿಗೆ ಸಾಹೇಬರು

ಬೈಲಹೊಂಗಲದ ಹೊರವಲಯದಲ್ಲಿ ನನ್ನದೊಂದು ಕಾರ್ಖಾನೆ ಇದೆ. ಅದನ್ನು ಕಾರ್ಖಾನೆ ಎನ್ನುವವಳು ನಾನೊಬ್ಬಳೇ. ಊರಿನವರು ಗ್ಯಾರೇಜು ಎನ್ನುತ್ತಾರೆ. ಅಪ್ಪ ಕುಂಟೆ, ಕೂರಿಗೆ ರಿಪೇರಿ ಮಾಡುತ್ತ ಶುರು ಮಾಡಿದ ಜಾಗ ಅದು. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬಂದು ಅದನ್ನು ವಹಿಸಿಕೊಂಡ ನಾನು ಮಾಡಿದ ಮೊದಲ ಕೆಲಸವೆಂದರೆ, ಹಿಂದುಗಡೆ ಎಮ್ಮೆ ಕಟ್ಟುತ್ತಿದ್ದ ತಗಡಿನ ಶೆಡ್ಡಿಗೆ ಸುಣ್ಣ ಬಳಿಸಿ, ಬಾಗಿಲ ಮೇಲೆ ‘ಸಂಶೋಧನಾ ವಿಭಾಗ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದು.

“ಇದರಾಗ ಏನ್ ಮಾಡ್ತೀರಿ ಅಕ್ಕಾರ?” ಎಂದು ಪೇಂಟರು ಕೇಳಿದ.

“ಇನ್ನೂ ಗೊತ್ತಿಲ್ಲ. ಅದಕ್ಕ ಸಂಶೋಧನೆ ಅನ್ನೂದು,” ಎಂದೆ. ಎಂಥ ಉತ್ತರ ಕೊಟ್ಟೆ ಎಂದು ಆ ಇಡೀ ದಿನ ಬೀಗಿದೆ. ಎಮ್ಮೆಯ ವಾಸನೆ ಮಾತ್ರ ಆ ವಿಭಾಗವನ್ನು ಹಲವು ಮಳೆಗಾಲ ಬಿಟ್ಟು ಹೋಗಲಿಲ್ಲ.

ಆ ಶೆಡ್ಡಿನಲ್ಲಿ ನಾನು ಹುಟ್ಟಿಸಲು ಹೊರಟದ್ದು ಕಡಲೆ ಕುಡಿ ಚಿವುಟುವ ಯಂತ್ರವನ್ನು. ನಮ್ಮ ಕರಿ ಮಣ್ಣಿನ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಹಾಕುತ್ತಾರೆ. ಗಿಡ ಗೇಣುದ್ದ ಬಂದಾಗ ತುದಿಯ ಕುಡಿ ಚಿವುಟಿದರೆ ಅದು ಕವಲೊಡೆದು ಕಾಯಿ ಹೆಚ್ಚು ಬಿಡುತ್ತದೆ. ಚಿವುಟುವುದು ಹೆಂಗಸರ ಕೆಲಸ. ಕಡಲೆ ಎಲೆಯ ಮೇಲೆ ಒಂದು ಹುಳಿ ಇರುತ್ತದೆ. ನಾಕು ಸಾಲು ಮುಗಿಸುವಷ್ಟರಲ್ಲಿ ಬೆರಳು ಉರಿಯುತ್ತವೆ, ಚರ್ಮ ಒಡೆಯುತ್ತದೆ. ನನ್ನ ತಾಯಿಯ ಬೆರಳುಗಳನ್ನು ನೋಡಿ ಬೆಳೆದವಳು ನಾನು. ಆದ್ದರಿಂದ ಉದ್ದೇಶ ಒಳ್ಳೆಯದೇ ಇತ್ತು. ಯಂತ್ರದ ಬಗ್ಗೆ ಆ ಮಾತು ಹೇಳುವಂತಿರಲಿಲ್ಲ.

ಮೊದಲನೆಯದು ಕುಡಿಯ ಜೊತೆ ಗಿಡವನ್ನೂ ಬೇರುಸಹಿತ ಕಿತ್ತಿತು. ಎರಡನೆಯದಕ್ಕೆ ಕುಡಿಯನ್ನು ಒಳಗೆ ಎಳೆದುಕೊಳ್ಳುವ ಫ್ಯಾನು ಹಚ್ಚಿದೆ. ಅದು ಕಡಲೆ ಬಿಟ್ಟು, ಯಂತ್ರವನ್ನು ಮೈಮೇಲೆ ಹೊತ್ತುಕೊಂಡಿದ್ದ ಹೆಣ್ಣುಮಗಳ ಸೆರಗನ್ನು ಎಳೆಯಿತು. ಆಮೇಲೆ ಬಿಸಿಲಿನಿಂದ ಓಡಲೆಂದು ತಲೆಯ ಮೇಲೆ ಸೋಲಾರ್ ಹಲಗೆ ಇಟ್ಟ ಮಾದರಿ ಮಾಡಿದೆ. ಸವದತ್ತಿ ಕಡೆಯ ಬಯಲಿನಲ್ಲಿ ಗಾಳಿ ಎದ್ದಾಗ ಅದನ್ನು ತೊಟ್ಟುಕೊಂಡಿದ್ದವಳು ನಾನೇ. ಆ ದಿನ ನನ್ನ ತೂಕದ ಬಗ್ಗೆ ಜೀವನದಲ್ಲಿ ಮೊದಲ ಸಲ ಸಮಾಧಾನಪಟ್ಟೆ. ಸ್ವಲ್ಪ ಸಣ್ಣಗಿದ್ದಿದ್ದರೆ ಮಲಪ್ರಭೆ ದಾಟಿಬಿಡುತ್ತಿದ್ದೆ.

ಹೋದ ವರ್ಷದ ಮಾದರಿ ಮಾತ್ರ ನಿಜಕ್ಕೂ ಚಿವುಟಿತು. ನಾನು ಹಿಗ್ಗಿ, ಯಂತ್ರದ ಚೀಲದಲ್ಲಿ ಸಿಕ್ಕ ಕುಡಿಗಳನ್ನು ತಂದು ಪಲ್ಯ ಮಾಡಿದೆ. ನನ್ನ ಗಂಡ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು, ಊಟದ ತಾಟಿನಲ್ಲೂ ತಪ್ಪು ಹುಡುಕುವವರು. ಒಂದು ತುತ್ತು ಬಾಯಿಗಿಟ್ಟು ಕೇಳಿದರು:

“ಪಲ್ಯೆ ಛಲೋ ಆಗೇತಿ. ಒಗ್ಗರಣಿಗೆ ಎಣ್ಣಿ ಹಾಕೀದ್ಯೋ, ಗ್ರೀಸ್ ಹಾಕೀದ್ಯೋ?”

ಹೀಗೆ ನಡೆದಿದ್ದಾಗ ಒಂದು ಮಧ್ಯಾಹ್ನ ನಮ್ಮ ತೆರಿಗೆ ವ್ಯವಹಾರ ನೋಡುವ ಸಿ.ಎ. ಸಾಹೇಬರು ಕಾರ್ಖಾನೆಗೆ ಬಂದರು. ಅಪ್ಪನ ಸ್ನೇಹಿತರು, ನನ್ನನ್ನು ತಂಗಿ ಎಂದೇ ಕರೆಯುತ್ತಾರೆ. ಕುರ್ಚಿಯ ಮೇಲಿದ್ದ ಕಬ್ಬಿಣದ ಪುಡಿ ಜಾಡಿಸಿ ಕೂತು ಹೇಳಿದರು:

“ತಂಗಿ, ಒಂದು ಸುದ್ದಿ ಐತಿ. ಇಷ್ಟ ದಿನ ಹೊಸಾದು ಹುಡುಕಾಕ ಮಾಡಿದ ಖರ್ಚನ್ನ ಆದಾಯದಾಗ ಕಳದು ತೆರಿಗಿ ಕಟ್ಟತಿದ್ವಿ. ಈಗ ನಿಯಮ ಬದಲ ಮಾಡೂ ಪ್ರಸ್ತಾಪ ಬಂದೈತಿ. ಪ್ರಯೋಗದಿಂದ ಮಾರೂವಂಥಾ ಸಾಮಾನು ಹೊರಗ ಬಂದ್ರಷ್ಟ ಆ ಸವಲತ್ತು. ಕೆಟ್ಟು ಹೋದ ಪ್ರಯೋಗಕ್ಕ ಇಲ್ಲ.”

“ಅಂದ್ರ?”

“ಅಂದ್ರ, ಬ್ಯಾರೆದವ್ರಿಗೆ ತೊಂದ್ರಿ. ನಿನಗ ಬಾಳ ತೊಂದ್ರಿ.”

ನಮ್ಮ ಸುತ್ತಮುತ್ತಲಿನ ಸಣ್ಣ ಉದ್ಯಮಿಗಳ ಅಭಿಪ್ರಾಯ ಕೇಳಲು ಬೆಂಗಳೂರಿನಿಂದ ತೆರಿಗೆ ಇಲಾಖೆಯ ಒಬ್ಬ ಅಧಿಕಾರಿ ಬರುವವರಿದ್ದರು. ಕಿತ್ತೂರಿನಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನ ಸಭಾಂಗಣದಲ್ಲಿ ಸಭೆ. ಎಲ್ಲರ ಪರವಾಗಿ ಯಾರಾದರೊಬ್ಬರು ಮಾತಾಡಬೇಕು. ನನ್ನನ್ನು ಆರಿಸಿದರು. ನನ್ನ ಪ್ರತಿಭೆ ಕಡೆಗೂ ಜನರಿಗೆ ಗೊತ್ತಾಯಿತಲ್ಲ ಎಂದುಕೊಂಡೆ. ಬಾಗಿಲ ಮೇಲೆ ಸಂಶೋಧನೆ ಎಂದು ಬರೆಸಿಕೊಂಡವರು ತಾಲೂಕಿನಲ್ಲಿ ನಾನೊಬ್ಬಳೇ ಎಂಬುದಷ್ಟೇ ಕಾರಣ ಎಂದು ಸಿ.ಎ. ಸಾಹೇಬರು ಆಮೇಲೆ ಹೇಳಿದರು.

ಭಾಷಣಕ್ಕೆ ಭಾರೀ ತಯಾರಿ ನಡೆಯಿತು. ‘ನಾವೀನ್ಯತೆ’, ‘ಉತ್ತೇಜನ’, ‘ಆತ್ಮನಿರ್ಭರ’ ಎಲ್ಲವನ್ನೂ ಹಾಕಿದೆ. ಗಂಡನ ಮುಂದೆ ನಿಂತು ಒಪ್ಪಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮೆಚ್ಚಿ ತಲ್ಲೀನರಾಗಿದ್ದಾರೆ ಎಂದುಕೊಂಡೆ. ಗೊರಕೆ ಕೇಳಿದಾಗ ನಿಲ್ಲಿಸಿದೆ. ಎದ್ದವರು, “ಎಲ್ಲಾ ಐತಿ ಇದರಾಗ, ಕಡ್ಲಿ ಒಂದ ಇಲ್ಲ ನೋಡು,” ಎಂದರು. ಕಡಲೆಯಂಥ ಮಾತನ್ನು ದೊಡ್ಡ ಸಭೆಯಲ್ಲಿ ಆಡುವುದು ಹೇಗೆ ಎಂದು ನಾನು ಅವರನ್ನೇ ಗದರಿಸಿದೆ.

ಸಭೆಯ ದಿನ ನಮ್ಮ ಕಾರಿನಲ್ಲಿ ಕಿತ್ತೂರಿಗೆ ಹೊರಟೆವು. ಗಂಡ ರಜೆ ಹಾಕಿ ಡ್ರೈವಿಂಗಿಗೆ ಕೂತಿದ್ದರು. ಹಿಂದಿನ ಸೀಟಿನಲ್ಲಿ ಇಬ್ಬರು. ಒಬ್ಬರು ಉಗರಗೋಳದವರು, ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಭಂಡಾರ, ಅಂದರೆ ಅರಿಶಿನ ಪುಡಿ, ಮಾಡಿ ಮಾರುವ ಗಿರಣಿ ಅವರದು. ಹೊಲವೂ ಇದೆ, ನನ್ನ ಯಂತ್ರಗಳೆಲ್ಲ ಪರೀಕ್ಷೆಗೆ ಇಳಿದದ್ದು ಆ ಹೊಲದಲ್ಲೇ. ಇನ್ನೊಬ್ಬರು ರಾಮದುರ್ಗದವರು, ಮಗ್ಗದ ಮಾಲಕರು, ಸೀರೆಗೆ ಹೊಸ ಬಣ್ಣಗಳ ಪ್ರಯೋಗ ಮಾಡುತ್ತಿದ್ದವರು.

“ಅಕ್ಕಾರ, ನೀವು ಒಂದ ಮಾತು ಮರೀಬ್ಯಾಡ್ರಿ,” ಎಂದರು ರಾಮದುರ್ಗದವರು. “ಪ್ರಯೋಗ ಅಂದ್ರ ಕೆಡೂದ. ಕೆಟ್ಟದ್ದಕ್ಕ ಸವಲತ್ತು ಕೊಡಲಿಲ್ಲಂದ್ರ ಯಾರೂ ಹೊಸಾದಕ್ಕ ಕೈ ಹಾಕೂದಿಲ್ಲ. ಅಷ್ಟ ಹೇಳ್ರಿ ಸಾಕು.”

“ಅದನ್ನೆಲ್ಲಾ ನನಗ ಬಿಡ್ರಿ,” ಎಂದೆ. ಬಿಡಬಾರದಿತ್ತು.

ಸಭಾಂಗಣ ತುಂಬಿತ್ತು. ಬೆಲ್ಲದ ಗಾಣದವರು, ಪಶು ಆಹಾರದವರು, ಪಂಪು ಜೋಡಿಸುವವರು ಎಲ್ಲ ಬಂದಿದ್ದರು. ವೇದಿಕೆಯ ಮೇಲೆ ಅಧಿಕಾರಿ, ತೆಳ್ಳಗಿನ, ಶಾಂತ ಸ್ವಭಾವದ ನಡುವಯಸ್ಸಿನವರು. ನಾನು ಮೈಕಿನ ಮುಂದೆ ನಿಂತು ಕಣ್ಣೆತ್ತಿದಾಗ ಮೊದಲ ಸಾಲಿನಲ್ಲಿ ಹುಬ್ಬಳ್ಳಿಯ ಒಬ್ಬ ದೊಡ್ಡ ಕೃಷಿ ಯಂತ್ರಗಳ ವ್ಯಾಪಾರಿ ಕಂಡರು. ಅವರ ಅಂಗಡಿಯಲ್ಲಿ ನನ್ನ ಯಂತ್ರ ಇಡಿಸಬೇಕೆಂದು ಎಷ್ಟೋ ದಿನದಿಂದ ನಾನು ಹಿಂದೆ ಬಿದ್ದಿದ್ದೆ. ಅವರು ನನ್ನನ್ನು ನೋಡಿ ಕೈ ಮುಗಿದರು. ಅಲ್ಲಿಗೆ ನನ್ನ ತಲೆ ತಿರುಗಿತು. ತೆರಿಗೆ ಮರೆತೆ, ಪ್ರಸ್ತಾಪ ಮರೆತೆ. ಅದು ನನ್ನ ಯಂತ್ರದ ಪ್ರದರ್ಶನವೆಂದೇ ಮನಸ್ಸು ತಿಳಿದುಕೊಂಡುಬಿಟ್ಟಿತು.

ಭಾಷಣ ಮುಗಿದಾಗ ಚಪ್ಪಾಳೆ ಬಂತು. ಅಧಿಕಾರಿ ಮೈಕು ತೆಗೆದುಕೊಂಡು ಸೌಮ್ಯವಾಗಿ ಕೇಳಿದರು:

“ಚೆನ್ನಾಗಿ ಮಾತಾಡಿದ್ರಿ ಮೇಡಂ. ನನಗೆ ಒಂದೇ ವಿಷಯ ತಿಳ್ಕೋಬೇಕು. ನಿಮ್ಮ ಪ್ರಯೋಗಗಳಲ್ಲಿ ವಿಫಲ ಆದದ್ದು ಎಷ್ಟಿರಬಹುದು?”

ನಮ್ಮ ವಾದವೆಲ್ಲ ನಿಂತದ್ದೇ ಆ ಪ್ರಶ್ನೆಯ ಮೇಲೆ. ಉತ್ತರ ಕಾರಿನಲ್ಲೇ ನನ್ನ ಕೈಗಿಟ್ಟಿದ್ದರು. ನಾನು ಹುಬ್ಬಳ್ಳಿಯ ವ್ಯಾಪಾರಿಯನ್ನು ನೋಡಿದೆ, ಗಂಟಲು ಸರಿಮಾಡಿಕೊಂಡೆ, ಹೇಳಿದೆ:

“ಒಂದೂ ಇಲ್ರಿ ಸರ್. ನಮ್ಮ ಯಂತ್ರ ಒಮ್ಮೆಯೂ ಕೈ ಕೊಟ್ಟಿಲ್ಲ.”

ಅಧಿಕಾರಿ ತಲೆಯಾಡಿಸಿದರು.

“ಬಹಳ ಸಂತೋಷ. ಹಾಗಿದ್ರೆ ಹೊಸ ನಿಯಮದಿಂದ ನಿಮಗೆ ಏನೂ ತೊಂದರೆ ಇಲ್ಲ ಅಂತಾಯ್ತು. ಬೇರೆ ಯಾರಾದ್ರೂ ಮಾತಾಡ್ತೀರಾ?”

ಪಕ್ಕದ ಸಾಲಿನಲ್ಲಿ ಕೂತಿದ್ದ ಸಿ.ಎ. ಸಾಹೇಬರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಆಗ ನನಗೆ ಅರ್ಥವಾಯಿತು. ಸಭೆಯನ್ನೆಲ್ಲ ಮುಳುಗಿಸಿ, ಮೈಕು ಹಿಡಿದುಕೊಂಡು, ಬಸ್ಸು ತಪ್ಪಿದವಳ ಹಾಗೆ ನಿಂತೆ.

ಆಗ ನಡುವಿನ ಸಾಲಿನಿಂದ ಉಗರಗೋಳದವರು ಎದ್ದರು. ಅವರ ದನಿಗೆ ಮೈಕು ಬೇಕಿರಲಿಲ್ಲ.

“ಸಾಹೇಬ್ರ, ಅಕ್ಕಾರು ಸುಳ್ಳ ಹೇಳಾಕತ್ತಾರ್ರಿ! ಮೊದಲನೇ ಯಂತ್ರ ನನ್ನ ಹೊಲದಾಗ ಇಳಿಸಿದ್ರು. ಕುಡಿ ಚೂಟತೈತಿ ಅಂದ್ರು. ನೋಡೂದ್ರಾಗ ಗಿಡಾನ ಇಲ್ಲ! ಒಂದು ಪಟ್ಟಿ ಕಡ್ಲಿ ಹಂಗ ಬೋಳಾತು. ನಮ್ಮ ಮನ್ಯಾಕಿ ಇವತ್ತಿಗೂ ಅಕ್ಕಾರ ಹೆಸರು ತಗದ್ರ ಒಗ್ಯಾಕ ತಂಬಿಗಿ ಎತ್ತತಾಳ!”

ಸಭೆ ಗೊಳ್ಳೆಂದಿತು. ಅವರಿಗೆ ಹುರುಪು ಬಂತು. ಸೆರಗಿನ ಕಥೆ ಹೇಳಿದರು. ಹೇಳಿದ್ದಷ್ಟೇ ಅಲ್ಲ, ಹೆಗಲ ಮೇಲಿನ ಟವೆಲ್ಲನ್ನೇ ಸೆರಗು ಮಾಡಿಕೊಂಡು ಸುತ್ತು ತಿರುಗಿ ತೋರಿಸಿದರು. ಗಾಳಿಯಲ್ಲಿ ನಾನು ಹಾರಿದ ಕಥೆಯಲ್ಲಿ ನನ್ನನ್ನು ನಿಜಕ್ಕಿಂತ ಬಹಳ ಎತ್ತರಕ್ಕೆ ಹಾರಿಸಿದರು. ಅಷ್ಟು ಸಾಲದೆಂಬಂತೆ ಹಿಂದಿನ ಸಾಲಿನಿಂದ ನನ್ನ ಗಂಡನೂ ಎದ್ದು ನಿಂತರು.

“ಸರ್, ಪಲ್ಯೆದ ಸಾಕ್ಷಿ ನಂದೈತ್ರಿ,” ಎಂದು, ತರಗತಿಯಲ್ಲಿ ಪಾಠ ಮಾಡುವ ಗಂಭೀರ ದನಿಯಲ್ಲಿ ಗ್ರೀಸಿನ ರುಚಿಯನ್ನು ವರ್ಣಿಸಿದರು.

ಅಧಿಕಾರಿ ಮೊದಲು ನಗು ತಡೆದುಕೊಂಡರು, ಆಮೇಲೆ ಬಿಟ್ಟುಕೊಟ್ಟರು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

“ಮೇಡಂ, ಇದೆಲ್ಲ ನಿಜಾನಾ?”

“ಖರೇನರಿ ಸರ್,” ಎಂದೆ. “ಹಾರಿದ್ದೊಂದು ಸ್ವಲ್ಪ ಜಾಸ್ತಿ ಹೇಳಿದ್ರು.”

“ಆದರೂ ಯಾಕೆ ಬಿಡಲಿಲ್ಲ?”

ಆ ಪ್ರಶ್ನೆಗೆ ನನ್ನ ಭಾಷಣದಲ್ಲಿ ಉತ್ತರ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. “ಗಿಡಾ ಕಿತ್ತು ಬಂದಿದ್ದಕ್ಕ ಬ್ಲೇಡ್ ಎಷ್ಟ ಎತ್ತರಕ್ಕಿರಬೇಕು ಅಂತ ಗೊತ್ತಾತ್ರಿ. ಸೆರಗ ಎಳದದ್ದಕ್ಕ ಫ್ಯಾನಿಗೆ ಜಾಳಗಿ ಹಚ್ಚಿದ್ವಿ. ಗಾಳಿಗೆ ಹಾರಿದ ಮ್ಯಾಲ ಹಲಗಿ ತಲಿಯಿಂದ ಬೆನ್ನಿಗೆ ಬಂತು. ಅವು ಕೆಡಲಿಲ್ಲಂದ್ರ ಈಗಿಂದು ಆಗತಿರಲಿಲ್ರಿ. ಕುಡಿ ಚೂಟಿ ಚೂಟಿ ನಮ್ಮವ್ವನ ಕೈಬಟ್ಟು ಉರೀತಿದ್ವು, ಅದಕ್ಕ ಬಿಡಾಕ ಮನಸ್ಸಾಗಲಿಲ್ಲ.”

ಅಧಿಕಾರಿ ಇದನ್ನು ಬರೆದುಕೊಂಡರು. ನಾವೀನ್ಯತೆ, ಉತ್ತೇಜನಗಳ ಹೊತ್ತಿಗೆ ಅವರ ಪೆನ್ನು ಅಲ್ಲಾಡಿರಲಿಲ್ಲ.

ಅಲ್ಲಿಂದ ಸಭೆ ನಮ್ಮ ಯಾರ ಹಿಡಿತದಲ್ಲೂ ಉಳಿಯಲಿಲ್ಲ. ರಾಮದುರ್ಗದವರು ಎದ್ದು, ತಾವು ಕಂಡುಹಿಡಿದ ಹಸಿರು ಬಣ್ಣ ಮೊದಲ ಒಗೆತಕ್ಕೇ ಮನೆಮಂದಿಯ ಬಟ್ಟೆಗಳಿಗೆಲ್ಲ ಹತ್ತಿದ್ದನ್ನೂ, ಬೀಗರ ಬಿಳಿ ಧೋತರ ಹಸಿರಾದದ್ದನ್ನೂ ಹೇಳಿದರು. ಬೆಲ್ಲದವರೊಬ್ಬರು ಶುಂಠಿ ಹಾಕಿ ಮಾಡಿದ ಬೆಲ್ಲ ಗಟ್ಟಿಯಾಗದೆ ಡಬ್ಬಿಯಿಂದ ಹರಿದದ್ದನ್ನು ಹೇಳಿದರು. ಉದ್ಯಮಿಗಳ ಸಭೆಗಳಲ್ಲಿ ಎಲ್ಲರೂ ತಮ್ಮ ದೊಡ್ಡಸ್ತಿಕೆ ಹೇಳುವುದನ್ನೇ ನಾನು ಕೇಳಿದ್ದು. ಕೆಟ್ಟದ್ದನ್ನು ಹೇಳಲು ಮೈಕಿಗೆ ಜಗಳಾಡಿದ್ದನ್ನು ನೋಡಿದ್ದು ಅಂದೇ. ಊಟದ ಹೊತ್ತು ಮೀರಿತು. ಅಧಿಕಾರಿ ಎದ್ದು ಹೋಗಲಿಲ್ಲ. ಪ್ರತಿಯೊಬ್ಬರನ್ನೂ, ಅದು ಕೆಟ್ಟ ಮೇಲೆ ಏನು ಕಲಿತಿರಿ, ಮುಂದೆ ಏನು ಮಾಡಿದಿರಿ ಎಂದು ವಿಚಾರಿಸಿದರು.

ಊಟಕ್ಕೆ ಬಿಟ್ಟಾಗ ನಾನು ಕಂಬದ ಮರೆಯಲ್ಲಿ ತಾಟು ಹಿಡಿದು ನಿಂತಿದ್ದೆ. ಹುಬ್ಬಳ್ಳಿಯ ವ್ಯಾಪಾರಿ ಹುಡುಕಿಕೊಂಡು ಬಂದರು. ಸಮಾಧಾನ ಹೇಳಲು ಬಂದಿದ್ದಾರೆ ಎಂದುಕೊಂಡೆ.

“ಮೇಡಂ, ಈಗಿನ ಯಂತ್ರ ಸೆರಗ ಎಳಿಯೂದಿಲ್ಲ, ಹೌದಲ್ಲೋ?”

“ಇಲ್ರಿ.”

“ಹಂಗಾರ ಒಂದೆರಡು ಕಳಸ್ರಿ. ಬರೇ ಛಲೋ ಐತಿ ಅಂತ ಮಾರಾಕ ಬಂದವ್ರ ಸಾಮಾನು ನಾ ಇಡೂದಿಲ್ಲ. ನಿಮ್ಮದು ಏನೇನು ಕೆಡಸತೈತಿ ಅನ್ನೂದು ಪೂರಾ ಗೊತ್ತಾಗೇತಿ.”

ಕಳಿಸಿದೆ. ಒಂದು ವಾಪಸು ಬಂತು; ಬೆಲ್ಟು ಕುತ್ತಿಗೆಗೆ ಉಜ್ಜುತ್ತದೆಯಂತೆ. ಇನ್ನೊಂದನ್ನು ನವಲಗುಂದ ಕಡೆಯ ಯಾರೋ ಒಯ್ದರು. ಅವರಿಂದ ದೂರು ಬಂದಿಲ್ಲ. ಯಂತ್ರ ಚೆನ್ನಾಗಿದೆಯೋ, ಅವರು ಅದನ್ನು ಡಬ್ಬಿಯಿಂದ ತೆಗೆದೇ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಿಲ್ಲ.

ಪ್ರಸ್ತಾಪದ ವಿಷಯ ತಿಂಗಳುಗಟ್ಟಲೆ ಎಳೆದಾಡಿತು. ಕೊನೆಗೆ ಸಿ.ಎ. ಸಾಹೇಬರು ಫೋನ್ ಮಾಡಿ, ಕೆಟ್ಟ ಪ್ರಯೋಗಗಳನ್ನು ಹೊರಗಿಡುವ ಮಾತನ್ನು ಕೈಬಿಟ್ಟಿದ್ದಾರೆ ಎಂದರು. ಆದರೆ ಯಾವ ಪ್ರಯೋಗ, ಯಾಕೆ ಕೆಟ್ಟಿತು, ಆಮೇಲೆ ಏನು ಮಾಡಿದಿರಿ ಎಂದು ಪ್ರತಿ ಸಲ ವಿವರವಾಗಿ ಬರೆದುಕೊಡಬೇಕಂತೆ. ನಮ್ಮ ಸಭೆಯಿಂದಲೇ ಹೀಗಾಯಿತೇ ಎಂದು ನಾನು ಆಸೆಯಿಂದ ಕೇಳಿದೆ.

“ದೇಶದ ತುಂಬ ಇದ ತಕರಾರು ಬಂದಿತ್ತು ತಂಗಿ,” ಎಂದರು. ಆಮೇಲೆ ಪಾಪ ಅನ್ನಿಸಿರಬೇಕು, “ನಿಂದೂ ಒಂದ ಕೈ ಇರಬಹುದು ಬಿಡು,” ಎಂದು ಸೇರಿಸಿದರು.

ಉಗರಗೋಳದಲ್ಲಿ ಮಾತ್ರ ದೇಶದ ಮಾತು ಯಾರೂ ಒಪ್ಪುವುದಿಲ್ಲ. ತೆರಿಗೆ ಉಳಿಸಿದ್ದು ನನ್ನ ಯಂತ್ರ ಎಂದೇ ಅಲ್ಲಿಯ ನಂಬಿಕೆ. ಭಂಡಾರದ ಗಿರಣಿಯ ಮುಂದೆ ಚಾ ಕುಡಿಯುವವರಿಗೆ ಅದರ ಮಾಲಕರು ಈಗಲೂ ಆ ಕಥೆ ಹೇಳುತ್ತಾರೆ. ಪ್ರತಿ ಸಲವೂ ನಾನು ಇನ್ನಷ್ಟು ದೂರ ಹಾರುತ್ತೇನಂತೆ.

ಮೊನ್ನೆ ರಾಮದುರ್ಗದವರು ಫೋನ್ ಮಾಡಿದ್ದರು. ಕರೆಂಟಿನ ದರದ ಬಗ್ಗೆ ಇನ್ನೊಂದು ಸಭೆ ಇತ್ತು. ನಾನು ಬರಲೇಬೇಕು ಎಂದರು. ನನ್ನ ಕೈ ಆಗಲೇ ಕಾಗದ ಪೆನ್ನಿನ ಕಡೆ ಹೋಗಿತ್ತು. ಏನು ಮಾತಾಡಲಿ ಎಂದು ಕೇಳಿದೆ.

“ಅಯ್ಯೋ, ಮಾತಾಡೂದು ಬ್ಯಾಡ್ರಿ ಅಕ್ಕಾರ,” ಎಂದರು ಗಾಬರಿಯಿಂದ. “ನೀವು ಸುಮ್ನ ಮುಂದ ಬಂದು ಕುಂತ್ರ ಸಾಕು. ಉಳದದ್ದು ನಾವು ಹೇಳತೇವಿ.”

ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಸಭೆಯಲ್ಲಿ ಕೊಟ್ಟ ಚುರುಮುರಿ, ಮಿರ್ಚಿ ಚೆನ್ನಾಗಿದ್ದವು.