ಹೆಬ್ಬೆರಳಿಗೆ ಕಟ್ಟಿದ ದಾರ

ನನ್ನ ಬದುಕಿನ ಒಂದಿಡೀ ವರ್ಷ. ಆ ರಾತ್ರಿಗೆ ನಾನು ತೆತ್ತ ಬೆಲೆ ಅದು. ಒಳ್ಳೆಯ ಜಾಗವೊಂದು ಅಗ್ಗಕ್ಕೆ ಸಿಗುತ್ತಿದೆ ಎಂದು ಕೈ ಚಾಚಿದೆ. ಕೊಡುವವನು ಅದನ್ನು ಯಾಕೆ ಬಿಟ್ಟುಕೊಡುತ್ತಿದ್ದಾನೆ ಎಂದು ಮಾತ್ರ ಕೇಳಲಿಲ್ಲ. ತೆತ್ತದ್ದು ಅದಕ್ಕೆ.

ಇದು ಕಟ್ಟುಕಥೆ ಎಂದು ಯಾರೂ ತಿಳಿಯಬೇಡಿ. ಸಂತೇಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವವನು ನಾನು. ಬೆಳಗಿನಿಂದ ಸಂಜೆಯವರೆಗೆ ಸುಳ್ಳು ಹೇಳುವವರ ಜೊತೆಯಲ್ಲೇ ನನ್ನ ವ್ಯವಹಾರ. ದೆವ್ವದ ಕಥೆ ಹೇಳಿದರೆ ನನ್ನ ಅಂಗಡಿಯಲ್ಲಿ ಒಂದು ತಪ್ಪಲೆಯೂ ಹೆಚ್ಚಿಗೆ ಖರ್ಚಾಗುವುದಿಲ್ಲ. ಇಷ್ಟು ದಿನ ಬಾಯಿ ಬಿಡದವನು ಈಗ ಹೇಳುತ್ತಿರುವುದಕ್ಕೆ ಕಾರಣ ಇಷ್ಟೆ... ಈ ವಾರ ನನ್ನ ಮಗನಿಗೆ ಪರೀಕ್ಷೆ. ನಿನ್ನೆ ಸಂಜೆ ಅವನು ಅಂಗಡಿಗೆ ಬಂದು, ಗಂಟು ಕಟ್ಟುವ ದಾರದಲ್ಲಿ ಒಂದು ತುಂಡು ಕೊಡಿ ಎಂದು ಕೇಳಿದ.

"ಯಾಕೋ?"

"ಬೆಳಿಗ್ಗೆ ಬೇಗ ಏಳೋಕೆ ಅಪ್ಪ. ಕಾಲಿಗೆ ಕಟ್ಕೊಂಡು ಮಲಗ್ತೀನಿ."

ನನ್ನ ಕೈಯಲ್ಲಿದ್ದ ತಕ್ಕಡಿ ಬಟ್ಟಲು ಕೆಳಗೆ ಬಿತ್ತು.

ಇದು ನಡೆದಾಗ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಅಮ್ಮ ನಂಜನಗೂಡಿನಲ್ಲಿ ದೇವಸ್ಥಾನದ ಮುಂದೆ ಹೂವು ಮಾರುತ್ತಿದ್ದಳು. ನಾನು ಮೈಸೂರಿನಲ್ಲಿ, ಚಾಮರಾಜಪುರದ ಕಡೆಯ ಒಂದು ಹುಡುಗರ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಸ್ಕೂಲಿನ ಹಿಂದಿನ ಬೀದಿಯಲ್ಲೇ ಹಾಸ್ಟೆಲು. ಸ್ಕೂಲಿನ ಗಂಟೆ ನಮ್ಮ ಕೋಣೆಯೊಳಗೇ ಹೊಡೆದಂತೆ ಕೇಳುತ್ತಿತ್ತು.

ಪರೀಕ್ಷೆ ವಾರ ಬಂತೆಂದರೆ ವಾರ್ಡನ್ ಮೇಷ್ಟ್ರು ಊಟದ ಮನೆಯ ಬಾಗಿಲಲ್ಲಿ ನಿಂತು ನಿಯಮ ಓದುತ್ತಿದ್ದರು. ಊಟವಾದ ಸ್ವಲ್ಪ ಹೊತ್ತಿಗೇ ದೀಪ ಬಂದ್. ರಾತ್ರಿ ಮೊಸರಿಲ್ಲ, ತೂಕಡಿಕೆ ಬರುತ್ತದೆ. ಒಂದು ಕೋಣೆಯವರು ಇನ್ನೊಂದಕ್ಕೆ ಕಾಲಿಡುವಂತಿಲ್ಲ. ಬೆಳಗಿನ ಜಾವ ಎದ್ದು ಓದಬಹುದು, ಆದರೆ ಕೂಗಿ ಎಬ್ಬಿಸುವಂತಿಲ್ಲ, ಅಲಾರಂ ಇಡುವಂತಿಲ್ಲ. ಚಿಕ್ಕ ಹುಡುಗರ ನಿದ್ದೆ ಕೆಡುತ್ತದೆ. ಕೊನೆಯದು ಹೆಡ್‌ಮೇಷ್ಟ್ರ ನಿಯಮ: "ಎರಡನೇ ಬೆಲ್ ಆದ್ಮೇಲೆ ಗೇಟ್ ತೆಗೆಯೋಲ್ಲ. ನನ್ನ ಮಗನೇ ಬಂದು ನಿಂತ್ರೂ ತೆಗೆಯೋಲ್ಲ."

ಅಲಾರಂ ಇಲ್ಲ, ಕೂಗುವಂತಿಲ್ಲ. ಹಾಗಾಗಿ ಹುಡುಗರು ಒಂದು ಉಪಾಯ ಹುಡುಕಿದ್ದರು. ಮಲಗುವಾಗ ಕಾಲಿನ ಹೆಬ್ಬೆರಳಿಗೆ ದಾರ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ಕಿಟಕಿಯಿಂದಾಚೆ ಇಳಿಬಿಡುವುದು. ಜಾವದಲ್ಲಿ ಕಾವಲುಗಾರ ಮಾದಯ್ಯ ಲಾಂದ್ರ ಹಿಡಿದು ಬಂದು ಒಂದೊಂದೇ ದಾರವನ್ನು ಎಳೆದುಕೊಂಡು ಹೋಗುತ್ತಿದ್ದ. ಸದ್ದಿಲ್ಲದೆ ಹಾಸ್ಟೆಲಿಗೆ ಹಾಸ್ಟೆಲೇ ಎದ್ದು ಕೂರುತ್ತಿತ್ತು.

ಆ ರಾತ್ರಿಗೆ ಹಿಂದಿನ ವರ್ಷ ನಮ್ಮ ಜೊತೆ ಶಿವಣ್ಣ ಎಂಬುವನಿದ್ದ. ನರಸೀಪುರದ ಕಡೆಯ ಹಳ್ಳಿಯವನು. ಅವನದು ನಮ್ಮಂಥ ಬಿಳಿ ದಾರವಲ್ಲ. ಅವನ ಅಜ್ಜಿ ಕಂಬಳಿಗೆಂದು ನೂತ ಕರಿ ಉಣ್ಣೆಯ ಹುರಿ. ಅವನು ಹೊದೆಯುತ್ತಿದ್ದದ್ದೂ ಆ ಅಜ್ಜಿಯ ಕಂಬಳಿಯನ್ನೇ. ಮಳೆಗಾಲದಲ್ಲಿ ಅದು ಒದ್ದೆಯಾದರೆ ವರಾಂಡವೆಲ್ಲ ವಾಸನೆ. "ಕುರಿ ಬಂತು ಕಣ್ರೋ" ಎಂದು ಹುಡುಗರು ರೇಗಿಸುತ್ತಿದ್ದರು. ಅವನು ನಗುತ್ತಿದ್ದ. ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಮೀರಿಸಲೇಬೇಕೆಂದು ಹಟ ಹಿಡಿದಿದ್ದವನು ಅವನ ಕೋಣೆಯವನೇ ಆದ ಪ್ರಭಾಕರ. ಆ ಪರೀಕ್ಷೆಯಲ್ಲಿ ಮೊದಲು ಬಂದವನಿಗೆ ಮುಂದಿನ ವರ್ಷದ ಫೀಸು, ಊಟ, ವಸತಿ ಎಲ್ಲ ಮಾಫಿ. ಶಿವಣ್ಣನಿಗೆ ಅದು ಸಿಕ್ಕರೆ ಓದು, ಇಲ್ಲದಿದ್ದರೆ ಎತ್ತಿನ ಹಿಂದೆ.

ಲೆಕ್ಕದ ಪೇಪರಿನ ದಿನ ಶಿವಣ್ಣ ಏಳಲಿಲ್ಲ. ಬೀದಿದೀಪದ ಬೆಳಕಲ್ಲಿ ಬಹಳ ಹೊತ್ತು ಓದಿ ಮಲಗಿದ್ದನಂತೆ. "ನಾನೆಳೆದೆ ಬುದ್ಧಿ, ದಾರ ಸಲೀಸಾಗಿ ಕೈಗೇ ಬಂದ್ಬುಡ್ತು. ಎದ್ದು ಬಿಚ್ಚವ್ರೆ ಅಂದ್ಕಂಡೆ" ಎಂದ ಮಾದಯ್ಯ. "ಮೂಲೇಲಿ ಬರೀ ಕಂಬಳಿ ಇದೆ, ಅವನು ಆಗ್ಲೇ ಹೋಗಿದಾನೆ ಅಂದ್ಕೊಂಡೆ" ಎಂದ ಪ್ರಭಾಕರ. ಇಲಿ ಕಡಿದಿರಬೇಕು ಎಂದು ವಾರ್ಡನ್ ಮೇಷ್ಟ್ರು ತೀರ್ಮಾನ ಕೊಟ್ಟರು.

ಶಿವಣ್ಣ ಓಡಿ ಬರುವಷ್ಟರಲ್ಲಿ ಎರಡನೇ ಬೆಲ್ ಆಗಿತ್ತು. ಪರೀಕ್ಷೆ ಮುಗಿಯುವವರೆಗೂ ಗೇಟಿನ ಕಂಬಿ ಹಿಡಿದುಕೊಂಡು ನಿಂತಿದ್ದ. ಅಳಲಿಲ್ಲ, ಬೇಡಲಿಲ್ಲ. ನಾವು ಹೊರಗೆ ಬಂದಾಗ ಅವನ ಎರಡೂ ಅಂಗೈಗಳಲ್ಲಿ ತುಕ್ಕಿನ ಗೆರೆ ಕೂತಿತ್ತು. ಊರಿಗೆ ಹೋದವನು ಆ ಬೇಸಿಗೆಯಲ್ಲೇ ವಿಷಮಜ್ವರದಲ್ಲಿ ತೀರಿಕೊಂಡ. ಜ್ವರದಲ್ಲಿ ಹಾಸಿಗೆ ಮೇಲೆ ಎದ್ದೆದ್ದು ಕೂತು "ಬೆಲ್ಲಾಯ್ತಾ?" ಎಂದು ಕೇಳುತ್ತಿದ್ದನಂತೆ.

ಮಾಫಿ ಪ್ರಭಾಕರನಿಗೆ ಸಿಕ್ಕಿತು.

ಮರುವರ್ಷ ನಾವೆಲ್ಲ ಎಸ್.ಎಸ್.ಎಲ್.ಸಿ. ನಾನು, ಪ್ರಭಾಕರ, ಇನ್ನಿಬ್ಬರು ಒಂದೇ ಕೋಣೆ. ಕಿಟಕಿಯ ಪಕ್ಕದ ಜಾಗ ಪ್ರಭಾಕರನದು. ಗಾಳಿ, ಬೆಳಕು, ಗಿಡ್ಡ ದಾರ. ನನ್ನದು ಬಾಗಿಲ ಪಕ್ಕ. ನನ್ನ ದಾರ ಎಲ್ಲರ ಹಾಸಿಗೆ ದಾಟಿ ಹೋಗಬೇಕು, ಎಲ್ಲರ ಕಾಲಿಗೂ ತೊಡಕು.

ಲೆಕ್ಕದ ಪೇಪರಿನ ಹಿಂದಿನ ದಿನ ಪ್ರಭಾಕರ ಕೈತೋಟದ ನಲ್ಲಿ ಹತ್ತಿರ ನನ್ನನ್ನು ಹಿಡಿದುಕೊಂಡ. ಕಣ್ಣು ಕೆಂಪಗಿದ್ದವು.

"ನಂಜುಂಡ, ಜಾಗ ಬದಲಾಯಿಸ್ಕೊಳೋಣ ಕಣೋ. ಕಿಟಕಿ ನೀನಿಟ್ಕೊ."

ಒಳಗೊಳಗೇ ಹಿಗ್ಗಿದೆ, ಮುಖದಲ್ಲಿ ತೋರಿಸಲಿಲ್ಲ. "ನಂಗೇನು ಬಾಗಿಲ ಹತ್ರಾನೇ ಚೆನ್ನಾಗಿದೆಯಪ್ಪ. ಜೊತೆಗೆ ಏನ್ ಕೊಡ್ತೀಯ?"

"ನನ್ನ ಜಾಮಿಟ್ರಿ ಪೆಟ್ಟಿಗೆ ತಗೋ."

"ಹಿತ್ತಾಳೆ ಕೈವಾರ ಇರೋದಾ?"

"ಹೂಂ, ಅದೇ. ಆದ್ರೆ ನಾನು ದಾರ ಕಟ್ಕೊಳೋಲ್ಲ. ಬೆಳಿಗ್ಗೆ ನೀನೇ ಕೈಯಾರೆ ಎಬ್ಬಿಸ್ಬೇಕು. ಗೇಟಿನೊಳಗೆ ಬಿಡೋವರ್ಗೂ ನನ್ನ ಬಿಟ್ಟು ಹೋಗ್ಕೂಡ್ದು."

"ಏನೋ ಇದು, ಮದುವೆ ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಹೋದ ಹಾಗೆ!" ಎಂದು ನಕ್ಕೆ. ಅವನು ನಗಲಿಲ್ಲ. ಕೈ ಚಾಚಿದ. ನಾನೂ ಚಾಚಿದೆ. ವ್ಯಾಪಾರ ಕುದುರಿತು.

ಕೇಳಿದ್ದಕ್ಕೆಲ್ಲ ಮೊದಲ ಮಾತಿಗೇ ಹೂಂ ಅಂದ ಮನುಷ್ಯ ಅವನು. ಅಮ್ಮ ಇದ್ದಿದ್ದರೆ ಅಲ್ಲೇ ಹೂವಿನ ಬುಟ್ಟಿ ಮುಚ್ಚಿ ಎದ್ದು ಹೋಗುತ್ತಿದ್ದಳು.

ಆ ರಾತ್ರಿ ಹೆಬ್ಬೆರಳಿಗೆ ದಾರ ಬಿಗಿದು ಕಿಟಕಿ ಪಕ್ಕ ಮಲಗಿದೆ. ಸೆಕೆ. ಹೊಂಗೆ ಮರದಲ್ಲಿ ಎಲೆ ಅಲ್ಲಾಡುತ್ತಿರಲಿಲ್ಲ...

ಎಚ್ಚರವಾದದ್ದು ವಾಸನೆಗೆ.

ಒದ್ದೆ ಕಂಬಳಿಯ ವಾಸನೆ. ಹೊರಗೆ ಮಳೆ ಬಂದು ತಿಂಗಳುಗಳೇ ಆಗಿದ್ದವು. ಆದರೂ ಕಿಟಕಿಯಿಂದ ಹಸಿ ಉಣ್ಣೆಯ ವಾಸನೆ ಅಲೆಅಲೆಯಾಗಿ ಒಳಗೆ ಬರುತ್ತಿತ್ತು.

ದಾರ ಮೆಲ್ಲಗೆ ಜಗ್ಗಿತು.

ಮಾದಯ್ಯ ಎಂದುಕೊಂಡು ಎದ್ದು ಕೂತೆ. ಲಾಂದ್ರದ ಬೆಳಕಿಲ್ಲ. ಕೋಳಿ ಕೂಗಿಲ್ಲ. ನಂಜನಗೂಡಿನ ರೈಲಿನ ಸದ್ದೂ ಇಲ್ಲ. ಜಾವಕ್ಕೆ ಇನ್ನೂ ಬಹಳ ಹೊತ್ತಿತ್ತು. ಬಗ್ಗಿ ನೋಡಿದೆ. ಬೀದಿದೀಪದ ಕೆಳಗೆ ನನ್ನ ಬಿಳಿ ದಾರ ಕಾಣುತ್ತಿತ್ತು. ಅದನ್ನು ಯಾರೂ ಹಿಡಿದಿರಲಿಲ್ಲ... ಆದರೆ ಅದು ಜೋತು ಬಿದ್ದಿರಲಿಲ್ಲ. ಯಾರೋ ಬಿಗಿಯಾಗಿ ಹಿಡಿದುಕೊಂಡಂತೆ ನೆಟ್ಟಗೆ ನಿಂತಿತ್ತು.

ಮತ್ತೆ ಜಗ್ಗಿತು. ಈ ಸಲ ಜೋರಾಗಿ. ನಾನು ಕೂತಲ್ಲೇ ಜಾರಿ, ಅಂಗಾಲು ಕಿಟಕಿಯ ಕಂಬಿಗೆ ಬಡಿಯಿತು. ಬೆರಳಿನ ಗಂಟು ಮಾಂಸಕ್ಕೆ ಇಳಿಯಿತು.

"ಪ್ರಭಾಕರ... ಎದ್ದೇನ್ಲಾ?"

ಕಿಟಕಿಯ ಕೆಳಗಿನಿಂದ, ಪಿಸುಮಾತು. ಕೋಪವಿಲ್ಲ. ಸ್ನೇಹಿತನನ್ನು ಎಬ್ಬಿಸುವವನ ಮಾತಿನ ಹಾಗೆ ಮೆತ್ತಗಿತ್ತು. ನನ್ನನ್ನು ಹೆದರಿಸಿದ್ದು ಆ ಮೆತ್ತಗಿನ ದನಿಯೇ.

"ಏಳ್ಲಾ... ಒತ್ತಾಯ್ತು. ಗೇಟು ಮುಚ್ಬುಡ್ತಾರೆ."

ಹೇಗೋ ತುಟಿ ಆಡಿಸಿದೆ. "ನಾನು... ನಂಜುಂಡ ಕಣೋ..."

ದಾರ ಸಡಿಲವಾಯಿತು. ಆಮೇಲೆ, ಕಿವಿಯ ಹತ್ತಿರವೇ:

"ನಿನ್ ಕೂಡೆ ನಂಗೇನಿಲ್ಲ ಕಣ್ಲಾ. ಅವ್ನೆಲ್ಲಿ?"

ನಾನು ಬಾಯಿ ಬಿಡಲಿಲ್ಲ. ಇದನ್ನು ಯಾವ ದೇವರ ಮುಂದೆಯಾದರೂ ಹೇಳುತ್ತೇನೆ. ಆದರೆ ಕಣ್ಣು... ಕಣ್ಣು ತಾನಾಗಿಯೇ ಬಾಗಿಲ ಕಡೆ ಹೊರಳಿತು.

ಅಲ್ಲಿ ಕತ್ತಲಲ್ಲಿ ಪ್ರಭಾಕರ ಎದ್ದು ಕೂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಈ ಕಡೆ ನೋಡ್ಬೇಡ ಕಣೋ ನಂಜುಂಡ..." ಎಂದ. "ನೋಡ್ಬೇಡ ಅಂದ್ನಲ್ಲೋ... ನೋಡ್ಬುಟ್ಯಲ್ಲೋ..."

"ಏನೋ ಮಾಡಿದ್ದೆ ನೀನು?"

"ಒಂದು ಪೇಪರ್ ಹೋಗ್ಲಿ ಅಂದ್ಕೊಂಡೆ ಅಷ್ಟೆ. ಸತ್ತೋಗ್ತಾನೆ ಅಂತ ಯಾರಿಗ್ ಗೊತ್ತಿತ್ತು? ಈ ವಾರ ದಿನಾ ರಾತ್ರಿ ಬಂದು ನನ್ನ ದಾರ ಎಳೀತಾ ಇದಾನೆ ಕಣೋ."

"ಇಲಿ ಅಲ್ವೇನೋ?"

ಅವನು ಪಾದಗಳನ್ನು ಹೊದಿಕೆಯೊಳಗೆ ಎಳೆದುಕೊಂಡ.

"ಬ್ಲೇಡು."

ಒದ್ದೆ ಉಣ್ಣೆಯ ವಾಸನೆ ಕಿಟಕಿಯಿಂದ ಹೊರಟು, ನನ್ನ ಮುಖದ ಮೇಲೆ ಹಾದು, ಬಾಗಿಲ ಕಡೆ ಹೋಯಿತು... ಅಷ್ಟೇ ನನಗೆ ನೆನಪಿರುವುದು.

ಜಾವದಲ್ಲಿ ಮಾದಯ್ಯ ದಾರ ಎಳೆದಾಗ ಕಣ್ಣು ಬಿಟ್ಟೆ. ಲಾಂದ್ರದ ಬೆಳಕು, ಸೀಮೆಎಣ್ಣೆಯ ವಾಸನೆ, ದೂರದಲ್ಲಿ ರೈಲು. ಕನಸು ಎಂದುಕೊಳ್ಳುವುದರಲ್ಲಿದ್ದೆ. ಮಾತು ಕೊಟ್ಟಿದ್ದೆನಲ್ಲ, ಪ್ರಭಾಕರನನ್ನು ಎಬ್ಬಿಸಲು ಹೋದೆ.

ಅವನು ಏಳಲಿಲ್ಲ. ಅಲ್ಲಾಡಿಸಿದೆವು. ಮುಖಕ್ಕೆ ನೀರು ಹೊಡೆದೆವು. ಉಸಿರು ಸಲೀಸಾಗಿ ಆಡುತ್ತಿತ್ತು, ಮೈ ಬೆಚ್ಚಗಿತ್ತು, ಎಳೆಗೂಸಿನ ಹಾಗೆ ನಿದ್ದೆ. ಹೊದಿಕೆ ಸರಿಸಿದಾಗ ನೋಡಿದೆ. ದಾರವೇ ಬೇಡ ಎಂದು ಮಲಗಿದ್ದವನ ಹೆಬ್ಬೆರಳಿಗೆ ಕರಿ ಉಣ್ಣೆಯ ಹುರಿ ಬಿಗಿದಿತ್ತು. ಗೇಣುದ್ದ. ಅದರ ತುದಿ ಇಲಿ ಕಡಿದಂತೆ ಹಿಂಜಿರಲಿಲ್ಲ. ನೇರವಾಗಿ ಕೊಯ್ದಿತ್ತು.

ವಾರ್ಡನ್ ಮೇಷ್ಟ್ರು ಬಂದು ನೋಡಿದರು. "ನಾಟಕ ಆಡ್ತಾನೆ, ಓದಿಲ್ಲ ಅಂತ ಕಾಣತ್ತೆ. ನೀವೆಲ್ಲ ಹೊರಡ್ರೋ" ಎಂದರು. ಹೊತ್ತೇರಿ ಮೊದಲ ಬೆಲ್ ಹೊಡೆಯಿತು. ಇನ್ನಿಬ್ಬರು ಓಡಿದರು. "ನಂಜುಂಡ, ನೀನು ಹೋಗಯ್ಯ. ಅವನಿಗೋಸ್ಕರ ನೀನ್ಯಾಕೆ ಹಾಳಾಗ್ತೀಯ?" ಎಂದರು ಮೇಷ್ಟ್ರು.

ಹೋಗಬಹುದಿತ್ತು. ಆದರೆ ಕೈವಾರದ ಪೆಟ್ಟಿಗೆ ನನ್ನ ಜೇಬಿನಲ್ಲಿತ್ತು. ಕೈ ಕೊಟ್ಟು ಕುದುರಿಸಿದ ವ್ಯಾಪಾರ. ಅದೂ ಅಲ್ಲದೆ, ಬಾಗಿಲ ಕಡೆ ನೋಡಿದ್ದು ನನ್ನ ಕಣ್ಣು.

ಹುರಿ ಬಿಚ್ಚಲು ನೋಡಿದೆ, ಗಂಟು ಕಲ್ಲಿನ ಹಾಗೆ. ಅವನ ಪೆನ್ಸಿಲ್ ಕೆತ್ತುವ ಬ್ಲೇಡನ್ನೇ ಹುಡುಕಿ ತಂದೆ. ಕೊಯ್ದೆ, ಕೊಯ್ದೆ... ಬ್ಲೇಡಿನ ಅಲಗು ಮೊಂಡಾಯಿತು, ಉಣ್ಣೆಯ ಒಂದೆಳೆಯೂ ಹರಿಯಲಿಲ್ಲ.

ಎರಡನೇ ಬೆಲ್ ಹೊಡೆಯಿತು.

ಕೊನೆಯ ಪೆಟ್ಟಿನ ಸದ್ದು ನಿಲ್ಲುತ್ತಿದ್ದಂತೆ ಹುರಿ ತಾನಾಗಿ ಬಿಚ್ಚಿಕೊಂಡು ನನ್ನ ಅಂಗೈಗೆ ಬಿತ್ತು. ಒದ್ದೆಯಾಗಿತ್ತು. ಪ್ರಭಾಕರ ಎದ್ದು ಕೂತು ಕಣ್ಣುಜ್ಜಿದ.

"ಬೆಲ್ಲಾಯ್ತಾ?" ಎಂದ.

ಇಬ್ಬರೂ ಓಡಿದೆವು. ಗೇಟು ಮುಚ್ಚಿತ್ತು. ನಾನು ಕೂಗಿದೆ, ಬೇಡಿದೆ, ಜವಾನನ ಕಾಲಿಗೂ ಬೀಳಲು ಹೋದೆ. ಹೆಡ್‌ಮೇಷ್ಟ್ರು ವರಾಂಡದಲ್ಲಿ ನಿಂತು ಇಲ್ಲ ಎಂದು ಕೈಯಾಡಿಸಿ ಒಳಗೆ ಹೋದರು. ಪ್ರಭಾಕರ ಬೇಡಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಖಾಲಿ ಅಂಗಳವನ್ನೇ ನೋಡುತ್ತಾ ನಿಂತಿದ್ದ. ಅವನ ಕಣ್ಣು ಗೇಟಿನಿಂದ ಮೆಲ್ಲಗೆ ಮೆಟ್ಟಿಲವರೆಗೆ ಸರಿಯಿತು, ನಡೆದು ಹೋಗುವ ಯಾರನ್ನೋ ಹಿಂಬಾಲಿಸುವ ಹಾಗೆ.

"ಒಳಗೆ ಹೋಗ್ತಾ ಇದಾನೆ ನೋಡೋ," ಎಂದ. "ತಿರುಗಿ ನೋಡಿ ನಗ್ತಾ ಇದಾನೆ."

ಅಂಗಳದಲ್ಲಿ ನನಗೆ ಯಾರೂ ಕಾಣಲಿಲ್ಲ. ವಾಸನೆ ಮಾತ್ರ ಇತ್ತು.

ಪ್ರಭಾಕರನನ್ನು ಅವನ ಅಪ್ಪ ಬಂದು ಕರೆದುಕೊಂಡು ಹೋದರು. ಮತ್ತೆ ಅವನು ಯಾವ ಪರೀಕ್ಷೆಗೂ ಕೂರಲಿಲ್ಲ. ಕಾಲು ಮಡಚಿ, ಪಾದಗಳನ್ನು ಪಂಚೆಯೊಳಗೆ ಮುಚ್ಚಿಕೊಂಡು, ಕೂತೇ ನಿದ್ದೆ ಮಾಡುತ್ತಾನೆ ಎಂದು ಅವನ ಊರಿನ ಕಡೆಯ ಗಿರಾಕಿಯೊಬ್ಬರು ಹೇಳಿದರು. ನಾನು ಒಂದು ವರ್ಷ ಅಮ್ಮನ ಪಕ್ಕ ಕೂತು ಹೂವು ಮಾರಿ, ಮತ್ತೆ ಪರೀಕ್ಷೆ ಕಟ್ಟಿ ಪಾಸಾದೆ. ಆ ವರ್ಷ ಯಾರು ತಿರುಗಿ ಕೊಡುತ್ತಾರೆ? "ನಿನ್ ಕೂಡೆ ನಂಗೇನಿಲ್ಲ" ಎಂದಿದ್ದನಲ್ಲ ಶಿವಣ್ಣ. ಹಾಗಿದ್ದರೆ ನನ್ನನ್ನೂ ಯಾಕೆ ಹೊರಗೆ ನಿಲ್ಲಿಸಿದ? ಇಂದಿಗೂ ಗೊತ್ತಿಲ್ಲ. ಬಲಗಾಲಿನ ಹೆಬ್ಬೆರಳಿನ ಸುತ್ತ ಆ ಗಂಟಿನ ಗೆರೆ ಈಗಲೂ ಇದೆ. ಪರೀಕ್ಷೆ ವಾರ ಬಂದರೆ ಅದು ಕೆಂಪಗಾಗುತ್ತದೆ. ಈ ಬೆಳಿಗ್ಗೆಯೂ ನೋಡಿಕೊಂಡೆ.

ಮಗನಿಗೆ ದಾರ ಕೊಡಲಿಲ್ಲ. ಅವನ ತಲೆದಿಂಬಿನ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ; ಜಾವಕ್ಕೆ ನಾನೇ ಎಬ್ಬಿಸುತ್ತೇನೆ.

ಓದುವವರಿಗೆ ನಾನು ಹೇಳುವುದಿಷ್ಟು. ಬೆಲೆಬಾಳುವ ಜಾಗವನ್ನೋ ವಸ್ತುವನ್ನೋ ಯಾರಾದರೂ ಸುಲಭಕ್ಕೆ ಬಿಟ್ಟುಕೊಟ್ಟರೆ, ಬೆಲೆ ಇಳಿಸುವ ಮೊದಲು ಕಾರಣ ಕೇಳಿ. ಹೇಳದಿದ್ದರೆ ಎದ್ದು ಬನ್ನಿ. ನಿಮ್ಮ ಮಕ್ಕಳನ್ನು ಪರೀಕ್ಷೆಯ ದಿನ ನೀವೇ ಎಬ್ಬಿಸಿ, ಆ ಕೆಲಸವನ್ನು ಕಿಟಕಿಯಾಚೆಯವರಿಗೆ ಬಿಡಬೇಡಿ. ಮತ್ತೆ, ಎಂದಾದರೂ ಅವೇಳೆಯಲ್ಲಿ ಯಾರೋ ನಿಮ್ಮನ್ನು ಇನ್ನೊಬ್ಬರ ಹೆಸರು ಹಿಡಿದು ಕರೆದರೆ, ನಿಮ್ಮ ಹೆಸರು ಹೇಳಿ. ಹೇಳಿ, ಕಣ್ಣು ಮುಚ್ಚಿಕೊಳ್ಳಿ. ಯಾವ ಕಡೆಗೂ ನೋಡಬೇಡಿ.